ಹಳೆಯ ಜೀಪಿನ ಜೀರ್ಣೋದ್ಧಾರ

ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಹಳೆಯ ಗುಡಿಯನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ವಾಹನಗಳ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ಮಲೆನಾಡಿನ ಅನೇಕ ಗೃಹಸ್ಥರಿಗೆ ಇಂದು ಬಗೆಹರಿಯದ ಪ್ರಶ್ನೆಯಾಗಿದೆ. ತಂದೆಯ ಕಾಲದಲ್ಲಿ ಕೊಂಡ ಫೋರ್‌ವೀಲ್ ಜೀಪೊಂದು ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿರುತ್ತದೆ. ಅದರ ಹಿಂಬದಿಯ ತೆರೆದ ತೊಟ್ಟಿಯಲ್ಲಿ ಗೊಬ್ಬರ, ಅಡಕೆಯ ಮೂಟೆ, ಬಾಳೆಗೊನೆ, ಒಮ್ಮೊಮ್ಮೆ ಹಾಸಿಗೆ ಹಾಸಿ ಮಲಗಿಸಿದ ರೋಗಿ, ಎಲ್ಲರೂ ಎಲ್ಲವೂ ಪಯಣ ಮಾಡಿರುವುದುಂಟು. ಈಗ ಅದು ಏರಿನಲ್ಲಿ ಏದುತ್ತದೆ, ಇಳಿಜಾರಿನಲ್ಲಿ ಹೆದರಿಸುತ್ತದೆ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿರುತ್ತಾನೆ. ಕೊಡಬೇಕೆ, ಇಟ್ಟುಕೊಂಡು ದುರಸ್ತಿ ಮಾಡಿಸಬೇಕೆ?

ಯಂತ್ರವಿದ್ಯೆಯು ಪ್ರಕೃತ ಲೇಖಕನ ವೃತ್ತಿಯಲ್ಲ. ಜೀವಮಾನವೆಲ್ಲ ಶಬ್ದರೂಪಗಳನ್ನು ಒಪ್ಪಿಸಿಕೊಂಡವನಿಗೆ ಕ್ರೌನು ಪಿನಿಯನುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೊಪ್ಪದ ಕಡೆಯ ನನ್ನ ಶಿಷ್ಯನೊಬ್ಬನು ತನ್ನ ತಂದೆ ಕೊಂಡಿದ್ದ ೧೯೮೦ರ ದಶಕದ ಡೀಸೆಲ್ ಜೀಪನ್ನು ಕಳೆದ ಬೇಸಗೆಯಲ್ಲಿ ಬಿಚ್ಚಿಸಿ ಕಟ್ಟಿಸಿದನು. ಎರಡು ತಿಂಗಳ ಕಾಲ ಬಿಡುವಾದಾಗಲೆಲ್ಲ ನಾನು ಗ್ಯಾರೇಜಿನ ಮುಂದೆ ಕುಳಿತು, ವೃದ್ಧ ಮೇಸ್ತ್ರಿಯನ್ನು ಪ್ರಶ್ನೆಗಳಿಂದ ಪೀಡಿಸುತ್ತ, ನಡೆದುದೆಲ್ಲವನ್ನೂ ಗಮನಿಸಿದೆನು. ಅದರಲ್ಲಿ ಸಂಸಾರಿಗಳಿಗೆ ಉಪಯುಕ್ತವೆನಿಸಿದುದನ್ನು ಇಲ್ಲಿ ಬರೆದಿದ್ದೇನೆ.

ಜೀಪಿನ ವಂಶಾವಳಿಯನ್ನು ಸ್ವಲ್ಪ ಅರಿತಿರುವುದು ಒಳ್ಳೆಯದು, ಏಕೆಂದರೆ ಅದರ ದುರಸ್ತಿಯ ಸೌಲಭ್ಯವೆಲ್ಲ ಆ ವಂಶದಲ್ಲಿಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಸೇರಿ ಆರು ಲಕ್ಷಕ್ಕೂ ಮೀರಿದ ಜೀಪುಗಳನ್ನು ತಯಾರಿಸಿದವು. ರಣರಂಗದಲ್ಲಿ ಒಂದು ಕಾರ್ಖಾನೆಯ ಗಾಡಿಯ ಭಾಗವನ್ನು ಕಳಚಿ ಇನ್ನೊಂದು ಕಾರ್ಖಾನೆಯ ಗಾಡಿಗೆ ತೊಡಿಸುವಂತಿರಬೇಕೆಂಬುದೇ ಸೈನ್ಯದ ಕಟ್ಟಪ್ಪಣೆ. ಯುದ್ಧವು ಮುಗಿದ ಕೆಲವು ವರ್ಷಗಳಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಅಮೆರಿಕದಲ್ಲಿ ೧೯೫೩ರಲ್ಲಿ ಹೊರಟ, ಮೂತಿ ಎತ್ತರವಾದ ಜೀಪಿನ ತಯಾರಿಕೆಯು ಅಲ್ಲಿ ೧೯೬೮ಕ್ಕೆ ನಿಂತುಹೋಯಿತು. ಇಲ್ಲಿಯಾದರೋ ಅದರ ಆಕಾರವು ಮತ್ತೂ ಹಲವು ದಶಕಗಳು ಉಳಿದು ಬಂದಿತು. ಒಳಗೆ ಪೆಟ್ರೋಲಿನ ಎಂಜಿನ್ನು ಹೋಗಿ ಡೀಸೆಲಿನದು ಬಂದಿತು. ೧೯೮೦ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಎಂಜಿನ್ನೂ ಸೇರಿತು. ಆದರೂ ಚಾಸಿ, ಅಚ್ಚು, ಗೇರುಗಳ ವಿನ್ಯಾಸವು ಹೆಚ್ಚಾಗಿ ಅಜ್ಜನದೇ. ಆದುದರಿಂದಲೇ ಮುಪ್ಪಾದ ಜೀಪಿಗೆ ಬೇಕಾದ ಅಂಗಗಳು ಸತ್ತ ಜೀಪುಗಳ ಮೈಯಲ್ಲಿ ಇಂದಿಗೂ ದೊರೆಯುವುವು.

ನನ್ನ ಶಿಷ್ಯನು ಮೊದಲು ಮನಸ್ಸು ಮಾಡಿದ್ದುದು ಎಂಜಿನ್ನಿನ ಬಲವನ್ನು ಹೆಚ್ಚಿಸುವುದಕ್ಕೆ. ತರುಣರೆಲ್ಲರ ಅಪೇಕ್ಷೆಯೂ ಅದೇ. ಆದರೆ ಅದಕ್ಕೂ ಮೊದಲಿನ ಮಳೆಗಾಲದಲ್ಲಿ ಒಂದು ಪ್ರಸಂಗ ನಡೆದಿದ್ದಿತು. ಮನೆಗೆ ಹೋಗುವ ದಾರಿಯಲ್ಲಿ ಹಳ್ಳವೊಂದನ್ನು ದಾಟಿ, ಗೊಬ್ಬರದ ಹೊರೆಯೊಡನೆ ಇಳಿಜಾರಿಗೆ ಬಂದಾಗ ಅವನು ಬ್ರೇಕನ್ನು ಒತ್ತಿದರೆ ಗಾಡಿಯು ನಿಲ್ಲಲಿಲ್ಲ. ಮತ್ತೆ ಮತ್ತೆ ಒತ್ತಿದನು. ಕಾಲು ಹಲಗೆಗೆ ತಾಗಿತು. ಮಗ್ಗುಲಲ್ಲಿ ಅವನ ತಾಯಿ, ಮಡಿಲಲ್ಲಿ ನಾಲ್ಕು ವರ್ಷದ ಮೊಮ್ಮಗಳು. ಗಾಡಿಯನ್ನು ಧರೆಗೆ ಉಜ್ಜಿಸಿ ಹೇಗೋ ನಿಲ್ಲಿಸಿದನು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ತಾಯಿ ಅಂದಿನಿಂದ ಜೀಪು ಹತ್ತುವುದನ್ನೇ ಬಿಟ್ಟರು. ಎರಡು ಮೈಲಿ ನಡೆದೇ ಬಸ್ಸಿಗೆ ಹೋಗುತ್ತಿದ್ದರು. ಈ ಕಥೆಯನ್ನು ಕೇಳಿದ ಮೇಸ್ತ್ರಿಯು, "ಎಂಜಿನ್ನು ಕೈಕೊಟ್ಟರೆ ದಾರಿಯಲ್ಲಿ ನಿಲ್ಲುತ್ತೀರಿ ಸ್ವಾಮಿ, ಬ್ರೇಕು ಕೈಕೊಟ್ಟರೆ ಎಲ್ಲಿ ನಿಲ್ಲುತ್ತೀರಿ?" ಎಂದನು. ಕೆಲಸದ ಅನುಕ್ರಮವು ಅಲ್ಲಿಗೆ ನಿರ್ಣಯವಾಯಿತು.

ಹಳೆಯ ಜೀಪಿನ ನಾಲ್ಕು ಚಕ್ರಗಳಲ್ಲಿಯೂ ಇರುವುದು ಡ್ರಮ್ಮಿನ ಬ್ರೇಕು. ನೀರು ಒಳಹೊಕ್ಕರೆ ಅದು ಬೇಗ ಆರದು. ದೀರ್ಘವಾದ ಇಳಿಜಾರಿನಲ್ಲಿ ಕಾದರೆ ಡ್ರಮ್ಮು ಹಿಗ್ಗಿ ಒಳಗಿನ ಷೂಗಳಿಂದ ದೂರ ಸರಿಯುವುದು. ಪೆಡಲು ಕೆಳಗೆ ಕೆಳಗೆ ಹೋಗುವುದು. ಇಷ್ಟಲ್ಲದೆ ಹಳೆಯ ಗಾಡಿಯ ಬ್ರೇಕಿನ ಎಣ್ಣೆಗೆ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ನಾಲ್ಕರಲ್ಲಿ ಯಾವುದಾದರೊಂದು ಚಕ್ರದ ಕೊಳವೆ ಒಡೆದರೂ ನಾಲ್ಕಕ್ಕೂ ಬ್ರೇಕು ಇಲ್ಲದಂತಾಗುವುದು. ಅನಂತರದ ವಾಹನಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಎರಡು ಕೋಣೆಗಳ ಮಾಸ್ಟರ್ ಸಿಲಿಂಡರು, ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರು, ಇವು ಬಂದವು. ಡಿಸ್ಕು ತೆರೆದಿರುವುದರಿಂದ ನೀರನ್ನು ಬೇಗ ಚೆಲ್ಲುವುದು, ಬೇಗ ತಣ್ಣಗಾಗುವುದು.

ಬೂಸ್ಟರಿನ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಅದು ಕೆಲಸ ಮಾಡುವುದು ನಿರ್ವಾತದ ಎಳೆತದಿಂದ. ಪೆಟ್ರೋಲು ಎಂಜಿನ್ನು ಗಾಳಿಯನ್ನು ಬಾಗಿಲು ಮುಚ್ಚಿ ಸೇದುವುದಾದುದರಿಂದ ಆ ಎಳೆತವು ಅಲ್ಲಿ ಸಹಜವಾಗಿ ದೊರೆಯುವುದು. ಡೀಸೆಲು ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಅಂತಹ ಬಾಗಿಲೇ ಇಲ್ಲ; ಆದಕಾರಣ ಬೆನ್ನಿಗೆ ನಿರ್ವಾತ ಪಂಪನ್ನು ಕಟ್ಟಿಕೊಂಡಿರುವ ಆಲ್ಟರ್ನೇಟರನ್ನೇ ಹಾಕಿಸಬೇಕು. ಎಂಜಿನ್ನು ನಿಂತಿತೆಂದರೆ ಪಂಪೂ ನಿಲ್ಲುವುದು, ಬೂಸ್ಟರಿನಲ್ಲಿ ಉಳಿದಿರುವ ಎಳೆತವು ಒಂದೆರಡು ಸಲದ ಒತ್ತಿಗಷ್ಟೇ ಸಾಕು. ಡೀಸೆಲು ಉಳಿಸುವೆವೆಂದು ಘಟ್ಟದ ಇಳಿಜಾರಿನಲ್ಲಿ ಎಂಜಿನ್ನು ಆರಿಸಿ ಬರುವ ನಮ್ಮ ಕಡೆಯ ಕೆಟ್ಟ ಚಾಳಿಯನ್ನು ಇಂತಹ ಗಾಡಿಯಲ್ಲಿ ಕನಸಿನಲ್ಲಿಯೂ ಮಾಡಕೂಡದು. ಮತ್ತೊಂದು: ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರು ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಸದಾ ಹಿಡಿದಿಡುವುದು. ಅದನ್ನೇ ಡಿಸ್ಕಿಗೆ ಜೋಡಿಸಿದರೆ ಬ್ರೇಕು ಬಿಟ್ಟ ಮೇಲೂ ಚಕ್ರವು ಹಿಡಿದುಕೊಂಡೇ ಇರುವುದು. ಆದ್ದರಿಂದ ಈ ಪರಿವಾರವನ್ನೆಲ್ಲ ಒಂದೇ ವಾಹನದಿಂದ ಒಟ್ಟಾಗಿ ತರುವುದೇ ಮೇಲು.

ಹಾಗೆ ತರುವುದಕ್ಕಾಗಿ ನಾವು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋದೆವು. ನೋಡದವರು ಒಮ್ಮೆ ನೋಡತಕ್ಕ ಸ್ಥಳವದು. ಒಂದೆಡೆ ಬಾಗಿಲುಗಳ ಬೆಟ್ಟ, ಒಂದೆಡೆ ರೇಡಿಯೇಟರುಗಳ ಗೋಡೆ, ಎಣ್ಣೆಯಲ್ಲಿ ಮಿಂದ ಗೇರುಪೆಟ್ಟಿಗೆಗಳ ಸಾಲು. ಯಾವುದನ್ನು ಕೇಳಿದರೂ "ಇದೇ ಕೂತುಕೊಳ್ಳುತ್ತದೆ ಸಾರ್" ಎಂಬುದೇ ಉತ್ತರ. ಮೇಸ್ತ್ರಿಯು ಈ ಮಾತಿಗೆ ಕಿವಿಗೊಡದೆ ದಾರವನ್ನೂ ಸೀಮೆಸುಣ್ಣವನ್ನೂ ತೆಗೆದು ಅಳೆಯಲು ಕುಳಿತನು. ನಮಗೆ ಅಲ್ಲಿ ದೊರೆತುದು ಅದೇ ಕಂಪನಿಯ ಅನಂತರದ ಫೋರ್‌ವೀಲ್ ವಾಹನವೊಂದರ ಮುಂದಿನ ಅಚ್ಚು, ಡಿಸ್ಕುಗಳ ಸಮೇತ. ಪಟ್ಟಿ ಸ್ಪ್ರಿಂಗು ಕೂರುವ ಪೀಠಗಳ ಅಂತರವೂ ಸರಿಹೋಯಿತು. ಶಿಷ್ಯನು ಹಣವನ್ನು ತೆಗೆಯುವುದರಲ್ಲಿದ್ದನು. ಮೇಸ್ತ್ರಿ ತಡೆದು, ಒಂದು ಕಡೆಯ ಹಬ್ಬನ್ನು ಅಲುಗದಂತೆ ನನ್ನ ಕೈಯಲ್ಲಿ ಹಿಡಿಸಿ, ಇನ್ನೊಂದು ಕಡೆಯದನ್ನು ಸರಿಯಾಗಿ ಎರಡು ಸುತ್ತು ತಿರುಗಿಸುತ್ತ, ನಡುವಿನ ಪಿನಿಯನು ಎಷ್ಟು ಸುತ್ತುವುದೆಂದು ಎಣಿಸಿದನು. ಐದು ಸುತ್ತಿಗೆ ತುಸು ಕಡಿಮೆ. ಊರಿನ ಜೀಪಿನಲ್ಲಿ ಎಣಿಸಿ ಬಂದಿದ್ದುದು ಐದೂಕಾಲಕ್ಕಿಂತ ತುಸು ಹೆಚ್ಚು.

ಈ ಎಣಿಕೆಯ ಮರ್ಮವನ್ನು ತಿಳಿಸುತ್ತೇನೆ. ಪಿನಿಯನಿನಲ್ಲಿ ೮ ಹಲ್ಲು, ಕ್ರೌನಿನಲ್ಲಿ ೪೩ ಹಲ್ಲು ಇದ್ದರೆ ಪ್ರಮಾಣವು ೫.೩೮, ಕ್ರೌನಿನಲ್ಲಿ ೩೯ ಇದ್ದರೆ ೪.೮೮. ಒಂದು ಚಕ್ರವನ್ನು ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿದಾಗ ಕ್ರೌನು ಸುತ್ತುವುದು ಒಂದೇ ಸುತ್ತಾದುದರಿಂದ, ಪಿನಿಯನಿನ ಸುತ್ತುಗಳೇ ಆ ಪ್ರಮಾಣವಾಗುವುವು. ಮುಂದಿನ ಅಚ್ಚು ೪.೮೮, ಹಿಂದಿನದು ೫.೩೮ ಆಗಿ ಫೋರ್‌ವೀಲ್ ಹಾಕಿದರೆ, ಹಿಂದಿನ ಚಕ್ರಗಳು ಹತ್ತು ಮಾರು ಉರುಳುವಷ್ಟರಲ್ಲಿ ಮುಂದಿನವು ಹನ್ನೊಂದು ಮಾರು ಉರುಳಬಯಸುವುವು. ನೊಗದ ಒಂದೆತ್ತು ಓಡಲು, ಇನ್ನೊಂದು ನಡೆಯಲು ಹಟ ಹಿಡಿದರೆ ಏನಾದೀತೋ ಅದೇ ಆಗುವುದು. ಮುರಿಯುವುದು ಮಾತ್ರ ನಡುವಿನ ಗೇರುಗಳು. ಫೋರ್‌ವೀಲ್ ಹಾಕುವವರೆಗೆ ಈ ದೋಷವು ಗೊತ್ತೇ ಆಗದು. ಹಾಕುವುದು ಕೆಸರಿನಲ್ಲಿ ಹೂತಾಗ, ಕತ್ತಲೆಯಲ್ಲಿ, ಮಳೆಯಲ್ಲಿ. ನಾವು ಅದೇ ವಾಹನದ ಹಿಂದಿನ ಅಚ್ಚನ್ನೂ ಕೇಳಿ ಪಡೆದೆವು. ಎರಡೂ ೪.೮೮ ಆದುದರಿಂದ ಡಾಂಬರು ರಸ್ತೆಯಲ್ಲಿ ಎಂಜಿನ್ನಿನ ಒರಲು ತಗ್ಗಿತು. ಏರಿನಲ್ಲಿ ಎಳೆತವು ಕೊಂಚ ಕಡಿಮೆಯಾಯಿತೆಂಬುದು ನಿಜ, ಆದರೆ ಅದಕ್ಕಾಗಿಯೇ ಟ್ರಾನ್ಸ್‌ಫರ್ ಪೆಟ್ಟಿಗೆಯಲ್ಲಿ ಲೋ ಗೇರು ಇರುವುದಷ್ಟೆ.

ಈ ಟ್ರಾನ್ಸ್‌ಫರ್ ಪೆಟ್ಟಿಗೆಯು ವಿಲ್ಲಿಸ್ ಕಾಲದಿಂದ ಬಂದ ಗಟ್ಟಿಮುಟ್ಟಾದ ಸಾಧನ. ಅದರಲ್ಲಿ ಸವೆಯುವುದು ನಡುವಣ ಗೇರು ಕೂರುವ ಶಾಫ್ಟು. ಯುದ್ಧಕಾಲದ ಜೀಪುಗಳಲ್ಲಿ ಈ ಶಾಫ್ಟು ಮುಕ್ಕಾಲು ಅಂಗುಲದ್ದು. ಅಮೆರಿಕದಲ್ಲಿ ಅನಂತರ ಅದನ್ನು ಒಂದೂಕಾಲು ಅಂಗುಲದವರೆಗೆ ದಪ್ಪಗೊಳಿಸಿದರು. ಹೊರನೋಟಕ್ಕೆ ಪೆಟ್ಟಿಗೆಗಳೆಲ್ಲ ಒಂದೇ ಬಗೆ. ತಳದ ಮುಚ್ಚಳವನ್ನು ತೆಗೆಸಿ ಅಳೆಯದೆ ಕೊಳ್ಳಬಾರದು. ನಮ್ಮದರಲ್ಲಿ ಶಾಫ್ಟು, ಸೂಜಿ ಬೇರಿಂಗು, ಸೀಲುಗಳನ್ನು ಹೊಸದು ಮಾಡಿ ಹಳೆಯ ಪೆಟ್ಟಿಗೆಯನ್ನೇ ಉಳಿಸಿಕೊಂಡದ್ದಾಯಿತು.

ಗುಜರಿಯಿಂದ ಯಾವುದನ್ನು ತರಬಹುದು, ಯಾವುದನ್ನು ತರಕೂಡದೆಂಬ ವಿವೇಕವೇ ಈ ವಿದ್ಯೆಯ ಸಾರ. ಎರಕದ ಪೆಟ್ಟಿಗೆ, ಅಚ್ಚು, ಹಲ್ಲು ಮುಕ್ಕಾಗದ ಗೇರು, ಡಿಸ್ಕು, ರಿಮ್ಮು, ರೇಡಿಯೇಟರು, ಆಸನ, ಇವು ಬರಬಹುದು. ರಬ್ಬರು ಎಂಬುದು ಯಾವುದೂ ಬರಕೂಡದು. ಬ್ರೇಕಿನ ಕಪ್ಪು, ಮೆದು ಕೊಳವೆ, ಆಯಿಲ್ ಸೀಲು ನೋಡಲು ಹೊಸದರಂತೆಯೇ ಇದ್ದು ಒಳಗೆ ಬಿರಿದಿರುವುವು. ಬೇರಿಂಗು, ಬ್ರೇಕಿನ ಪ್ಯಾಡು, ಸ್ಟೀರಿಂಗಿನ ಟೈರಾಡ್ ತುದಿಗಳು, ಇವನ್ನೂ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸದಾಗಿ ಬಿಲ್ಲು ಸಮೇತ ಕೊಳ್ಳತಕ್ಕುದು. ಬೆಸುಗೆ ಹಾಕಿದ ಸ್ಟೀರಿಂಗು ಭಾಗವನ್ನು ಧರ್ಮಕ್ಕೆ ಕೊಟ್ಟರೂ ಮುಟ್ಟಬಾರದು. ಗುಜರಿಯ ಸರಕಿಗೂ ರಸೀತಿ ಕೇಳಬೇಕು. ಕೊಡಲು ಹಿಂಜರಿಯುವವನ ಬಳಿ ಇರುವುದು ಕದ್ದ ಗಾಡಿಯ ಅಂಗವಾಗಿದ್ದರೆ, ಕೊಂಡ ಸಾಧುವೂ ಪೊಲೀಸು ಠಾಣೆಯ ಮೆಟ್ಟಿಲು ಹತ್ತಬೇಕಾಗುವುದು.

ಎಂಜಿನ್ನಿಗೆ ಬರೋಣ. ನಮ್ಮ ವೈಯಾಕರಣರು ಆಗಮ, ಆದೇಶ ಎಂದು ಎರಡನ್ನು ಹೇಳುವರು. ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದು. ಆದೇಶವು ಶತ್ರುವಿನಂತೆ ಇದ್ದುದನ್ನು ಹೊರದೂಡಿ ತಾನು ಕುಳಿತುಕೊಳ್ಳುವುದು. ಬೂಸ್ಟರು ಆಗಮ; ಬೇರೆ ಎಂಜಿನ್ನು ಆದೇಶ. ಮೇಸ್ತ್ರಿಗೆ ವ್ಯಾಕರಣವು ತಿಳಿಯದಿದ್ದರೂ ಅವನ ಅಭಿಪ್ರಾಯವು ಇದೇ ಆಗಿದ್ದಿತು. ದೊಡ್ಡ ಎಂಜಿನ್ನನ್ನು ಕೂರಿಸಿದರೆ ಅದರ ಬಲಕ್ಕೆ ಹಳೆಯ ಕ್ಲಚ್ಚು ಸಾಲದು, ಕ್ಲಚ್ಚು ಬದಲಿಸಿದರೆ ಗೇರು ತಾಳದು, ಅದರ ಭಾರಕ್ಕೆ ಮುಂದಿನ ಪಟ್ಟಿಗಳು ಕುಸಿಯುವುವು. ಹೀಗೆ ಒಂದರ ಹಿಂದೊಂದು. ಇದ್ದ ಪ್ಯೂಜೋ ಎಂಜಿನ್ನಿನಿಂದ ನೀಲಿ ಹೊಗೆ ಬರುತ್ತಿದ್ದುದು ಎಣ್ಣೆ ಸುಡುವುದರ ಗುರುತು. ಬೋರು ಮಾಡಿಸಿ, ಹೊಸ ಪಿಸ್ಟನ್ನು ರಿಂಗುಗಳನ್ನು ಹಾಕಿಸಿ, ಡೀಸೆಲ್ ಪಂಪು ನಾಸಲುಗಳನ್ನು ಪರೀಕ್ಷಿಸಿ ಸರಿಮಾಡಿಸಿದುದರಿಂದ ಹೊಗೆಯೂ ನಿಂತಿತು, ಕಳೆದುಹೋಗಿದ್ದ ಬಲವೂ ಮರಳಿತು.

ಕಾನೂನಿನ ಸಂಗತಿಯೂ ಎಂಜಿನ್ನು ಬದಲಿಸುವ ಉತ್ಸಾಹಕ್ಕೆ ಅನುಕೂಲವಾಗಿಲ್ಲ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ತಯಾರಕರು ಮೊದಲು ನಿಗದಿ ಮಾಡಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ ೨೦೧೯ರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಎಂಜಿನ್ನು ಬದಲಿಸಲೇಬೇಕಾದರೆ ನೋಂದಣಾಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯಬೇಕು. ಸ್ವಂತ ಉಪಯೋಗದ ವಾಹನಕ್ಕೆ ನೋಂದಣಿಯು ೧೫ ವರ್ಷ. ಆಮೇಲೆ ತಪಾಸಣೆಗೊಳಪಡಿಸಿ ೫ ವರ್ಷಕ್ಕೊಮ್ಮೆ ನವೀಕರಿಸಬೇಕು. ಆದುದರಿಂದ ಶಿಷ್ಯನು ಅಚ್ಚು, ಬ್ರೇಕುಗಳ ವಿಷಯವನ್ನು ಬಿಚ್ಚುವುದಕ್ಕೆ ಮೊದಲೇ ಸಾರಿಗೆ ಕಚೇರಿಯಲ್ಲಿ ಅರ್ಜಿಯೊಡನೆ ತಿಳಿಸಿದನು. ಎರಡು ಸಲ ಅಲೆಯಬೇಕಾಯಿತು, ಹೌದು. ಕಾಗದವಿಲ್ಲದೆ ಮಾರ್ಪಡಿಸಿದ ಗಾಡಿಗೆ ಅಪಘಾತವಾದಾಗ ವಿಮೆಯವರ ಬಾಗಿಲಿಗೆ ಅಲೆಯುವುದರ ಮುಂದೆ ಅದು ದೊಡ್ಡ ಅಲೆದಾಟವಲ್ಲ.

ಲೆಕ್ಕವೆಲ್ಲ ಕೂಡಿದಾಗ ಖರ್ಚು ಮೊದಲು ಎಣಿಸಿದ್ದಕ್ಕಿಂತ ಹೆಚ್ಚೇ ಆಗಿದ್ದಿತು. ಚಾಸಿಯು ತುಕ್ಕು ತಿಂದು ಟೊಳ್ಳಾಗಿದ್ದರೆ ಇಷ್ಟನ್ನೂ ಸುರಿಯುವುದು ಮೂರ್ಖತನವಾಗುತ್ತಿತ್ತೆಂದು ನನ್ನ ಅಭಿಪ್ರಾಯ. ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಬಡಿದು ನಾದವನ್ನು ಆಲಿಸಿದ ಮೇಲೆಯೇ ಮೇಸ್ತ್ರಿಯು ಕೆಲಸಕ್ಕೆ ಒಪ್ಪಿದ್ದನು. ಎಲ್ಲಿ ಕಂಚಿನಂತೆ ಉಲಿಯದೆ ಮಡಕೆಯಂತೆ ಸದ್ದು ಕೊಡುವುದೋ ಅಂತಹ ಗಾಡಿಯನ್ನು ಗುಜರಿಯವನಿಗೆ ಕೊಡುವುದೇ ಸರಿ.

ಆಷಾಢದಲ್ಲಿ ಅದೇ ಹಳ್ಳ ತುಂಬಿತು. ಶಿಷ್ಯನು ಮೊದಲು ಒಬ್ಬನೇ ಮರಳಿನ ಮೂಟೆಗಳನ್ನು ಹೇರಿಕೊಂಡು ಹಳ್ಳ ದಾಟಿ ಇಳಿಜಾರಿನಲ್ಲಿ ಮೂರು ಸಲ ನಿಲ್ಲಿಸಿ ನೋಡಿದನು. ನಾಲ್ಕನೆಯ ಸಲಕ್ಕೆ ತಾಯಿ ಜಗಲಿಯಿಂದ ಎದ್ದು ಬಂದು, "ಮೆಲ್ಲಗೆ ಹೋಗು ಮಗಾ" ಎಂದು ಮುಂದೆ ಕುಳಿತರು. ಹಳ್ಳ ದಾಟುವ ಗಾಡಿಗೆ ಮಾಡಲೇಬೇಕಾದ ಕೆಲಸವೊಂದನ್ನು ಮೇಸ್ತ್ರಿಯು ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದಾನೆ. ನೀರು ಅಚ್ಚಿನ ಮಟ್ಟಕ್ಕೆ ಬಂದ ದಿನದ ಮಾರನೆಯ ಬೆಳಗ್ಗೆ ಅಚ್ಚುಗಳ ಎಣ್ಣೆಯ ಬಿರಡೆಯನ್ನು ಬಿಚ್ಚಿ ಬೆರಳಿನಿಂದ ನೋಡಬೇಕು. ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆಯೆಂದರ್ಥ. ಅಂದೇ ಬಸಿದು ಹೊಸ ಎಣ್ಣೆ ತುಂಬಬೇಕು, ಉಸಿರು ಕೊಳವೆಯು ಕೆಸರಿನಿಂದ ಮುಚ್ಚಿದ್ದರೆ ಅದನ್ನೂ ಬಿಡಿಸಬೇಕು. ಈ ವರ್ಷದ ಮಳೆಗಾಲದಲ್ಲಿ ಹಾಗೆ ಎರಡು ಸಲ ಬಸಿಯಬೇಕಾಯಿತಂತೆ.