ಸೊಂಟದ ಸುತ್ತಳತೆ ಹೇಳುವ ಎಚ್ಚರಿಕೆ

ಕೃಷ್ಣಾ, ಘಟಪ್ರಭಾ ನದಿಗಳ ನೀರಾವರಿಯಿಂದ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಬ್ಬು ಹುಲುಸಾಗಿ ಬೆಳೆಯುತ್ತಿದೆ. ರಬಕವಿ-ಬನಹಟ್ಟಿಯಲ್ಲಿ ಕಾಲಿನಿಂದ ತುಳಿದು ನಡೆಸುತ್ತಿದ್ದ ಅನೇಕ ಕೈಮಗ್ಗಗಳ ಸ್ಥಾನವನ್ನು ವಿದ್ಯುತ್ ಮಗ್ಗಗಳು ಪಡೆದಿವೆ. ಹೊಲದಲ್ಲಿ ಟ್ರ್ಯಾಕ್ಟರ್, ದಾರಿಗೆ ಬೈಕು ಬಂದಿವೆ. ದೇಹದ ದುಡಿಮೆ ತಗ್ಗಿತು; ಊಟ ತಗ್ಗಲಿಲ್ಲ. ಖರ್ಚಾಗದ ಶಕ್ತಿಯು ಕೊಬ್ಬಾಗಿ ಹೊಟ್ಟೆಯಲ್ಲಿ ಶೇಖರವಾಗುತ್ತದೆ.

ಹೊಟ್ಟೆ ಬಂದುದನ್ನು ನಾವು ಉಂಡುಟ್ಟು ಸುಖವಾಗಿರುವ ಲಕ್ಷಣವೆಂದು ಭಾವಿಸುತ್ತೇವೆ. ಆದರೆ ಒಳಾಂಗಗಳ ಸುತ್ತ ಸೇರಿದ ಕೊಬ್ಬು ಸುಮ್ಮನಿರುವುದಿಲ್ಲ. ಅದರಿಂದ ಹೊರಬಂದ ಕೊಬ್ಬಿನಾಮ್ಲಗಳು ಯಕೃತ್ತನ್ನು ಸೇರಿ, ಇನ್ಸುಲಿನ್ನಿನ ಪರಿಣಾಮವನ್ನು ಕುಗ್ಗಿಸುತ್ತವೆ. ರಕ್ತದಲ್ಲಿ ಸಕ್ಕರೆಯೂ ಕೊಬ್ಬೂ ಏರುತ್ತವೆ, ರಕ್ತದೊತ್ತಡವೂ ಹೆಚ್ಚುತ್ತದೆ. ಈ ದೋಷಗಳು ಒಟ್ಟುಗೂಡಿದ ಸ್ಥಿತಿಯೇ ಮೆಟಬಾಲಿಕ್ ಸಿಂಡ್ರೋಮ್.

ಇದನ್ನು ಗುರುತಿಸಲು ಐದು ಅಳತೆಗಳಿವೆ: ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಅಥವಾ ಹೆಚ್ಚು, ರಕ್ತದೊತ್ತಡ 130/85 ಅಥವಾ ಹೆಚ್ಚು, ಉಪವಾಸದ ಸಕ್ಕರೆ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟರಾಲ್ ಪುರುಷರಲ್ಲಿ 40ಕ್ಕೂ ಸ್ತ್ರೀಯರಲ್ಲಿ 50ಕ್ಕೂ ಕಡಿಮೆ. ಇವುಗಳಲ್ಲಿ ಮೂರು ಕಂಡರೆ ಈ ಸ್ಥಿತಿ ಇದೆಯೆಂದೇ ಅರ್ಥ. ಆಗ ಮಧುಮೇಹದ ಅಪಾಯ ಸುಮಾರು ಐದು ಪಟ್ಟು, ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು ಹೆಚ್ಚುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ. 39.5ರಷ್ಟು ಜನರಿಗೆ ಹೊಟ್ಟೆಯ ಬೊಜ್ಜಿದೆ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರೂ ಎಚ್ಚರಗೊಳ್ಳಬೇಕು. ತೂಕದ ಯಂತ್ರ ಇದನ್ನು ಹೇಳದು.

ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಉಸಿರು ಬಿಟ್ಟಾಗ ಟೇಪಿನಿಂದ ಅಳೆದು ನೋಡೋಣ. ಮೂವತ್ತು ದಾಟಿದವರು ಸಮೀಪದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಬೇಕು.

ಬೆಲ್ಲ ನಮ್ಮ ನೆಲದ ಹೆಮ್ಮೆ. ಆದರೆ ಸಕ್ಕರೆಗೆ ಬದಲಾಗಿ ಬೆಲ್ಲದ ಚಹಾ ಕುಡಿದರೆ ದೋಷವಿಲ್ಲವೆಂಬುದು ತಪ್ಪು ತಿಳಿವಳಿಕೆ. ಎರಡೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಸಂಜೆಯ ಮಿರ್ಚಿ ಭಜಿಯನ್ನು ವಿರಳಗೊಳಿಸಿ, ಜೋಳದ ರೊಟ್ಟಿಯನ್ನು ಹಿತಮಿತವಾಗಿಸಿ, ಹೆಸರುಕಾಳು, ಮಡಕೆಕಾಳು, ಸೊಪ್ಪಿನ ಪಲ್ಯಗಳನ್ನು ಹೆಚ್ಚಿಸೋಣ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಇರಲಿ. 80 ಕಿಲೋ ತೂಗುವವರು ನಾಲ್ಕು ಕಿಲೋ ಇಳಿಸಿದರೂ ಸಕ್ಕರೆ, ರಕ್ತದೊತ್ತಡಗಳು ಸುಧಾರಿಸತೊಡಗುತ್ತವೆ. ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಕಾಯಕಕ್ಕೆ ಕಾಯವೇ ಆಧಾರ. ಅದನ್ನು ಕಾಯುವ ಹೊಣೆ ನಮ್ಮದೇ.