ಕತ್ತಲಲ್ಲಿ ಸಿಕ್ಕ ಚೆಂಡು

ವೇಗದ ಬೌಲರ್ ಕೈಯಿಂದ ಚೆಂಡು ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಹೊರಟಿತು ಅನ್ನಿ. ಅಂದರೆ ಸೆಕೆಂಡಿಗೆ ಸುಮಾರು 39 ಮೀಟರ್. ಬೌಂಡರಿಯಾಚೆ ಕೂತ ಛಾಯಾಗ್ರಾಹಕನ ಕೈಯಲ್ಲಿ 2012ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ ಇಒಎಸ್-1ಡಿ ಎಕ್ಸ್. ಫೋಕಸ್ ಮೊದಲೇ ಹಿಡಿದಿಟ್ಟುಕೊಂಡಿದ್ದರೂ, ಗುಂಡಿ ಪೂರ್ತಿ ಒತ್ತಿದ ಮೇಲೆ ಶಟರ್ ತೆರೆಯಲು ಅದಕ್ಕೆ ಸುಮಾರು 55 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುವುದೂ ಆಗದು. ಚೆಂಡು ಮಾತ್ರ 2 ಮೀಟರ್ ದಾಟಿರುತ್ತದೆ, ಎತ್ತರದ ಆಳೊಬ್ಬ ಉದ್ದಕ್ಕೆ ಮಲಗಿದರೂ ಸಾಲದಷ್ಟು ದೂರ!

ಆದರೂ ಕ್ಯಾಮೆರಾವನ್ನು ನಿಧಾನಿ ಎನ್ನಲು ನನಗೆ ಮನಸ್ಸು ಬಾರದು. ಆ ಚೂರು ಹೊತ್ತಿನಲ್ಲೇ ವ್ಯೂಫೈಂಡರಿಗೆ ಬೆಳಕು ಕಳಿಸುವ ಕನ್ನಡಿ ಮೇಲಕ್ಕೆ ಮಡಚಿಕೊಳ್ಳಬೇಕು, ಲೆನ್ಸಿನ ಎಸಳುಗಳು ಬೇಕಾದಷ್ಟು ಮುಚ್ಚಿಕೊಳ್ಳಬೇಕು, ಆಮೇಲೆ ಶಟರ್‌ನ ಪರದೆ ಓಡಬೇಕು. ಸೆಕೆಂಡಿಗೆ 12 ಚಿತ್ರ ತೆಗೆಯುವಾಗ ಕನ್ನಡಿ 12 ಸಲ ಎದ್ದು 12 ಸಲ ಕೂರುತ್ತದೆ. ಕಂಪನಿ ಈ ಶಟರ್‌ಗೆ ಹೇಳಿದ ಬಾಳಿಕೆ 4 ಲಕ್ಷ ಕ್ಲಿಕ್.

ಮನುಷ್ಯ ಇನ್ನೂ ನಿಧಾನ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ. ಎರಡನ್ನೂ ಕೂಡಿಸಿದರೆ ಚೆಂಡು ಸುಮಾರು 10 ಮೀಟರ್ ಮುಂದೆ. ಪಿಚ್ಚಿನ ಉದ್ದವೇ 20 ಮೀಟರ್! ಹಾಗಾಗಿ ಬ್ಯಾಟಿಗೆ ಚೆಂಡು ತಾಗುವ ಚಿತ್ರ ಬೇಕಿದ್ದವನ ಮನಸ್ಸು, ಚೆಂಡು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಬೆರಳಿಗೆ ಅಪ್ಪಣೆ ಕೊಟ್ಟಿರಬೇಕು.

ಗುಂಡಿ ಒತ್ತಿಹಿಡಿದು ಸಾಲಾಗಿ ಚಿತ್ರ ತೆಗೆದರಾಯಿತಲ್ಲ ಅನ್ನುತ್ತೀರಾ? ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 83 ಮಿಲಿಸೆಕೆಂಡ್ ಅಂತರವಿದೆ. ಬ್ಯಾಟು-ಚೆಂಡಿನ ಸ್ಪರ್ಶ ಇರುವುದು ಸುಮಾರು 1 ಮಿಲಿಸೆಕೆಂಡ್ ಮಾತ್ರ. ಅದೃಷ್ಟವನ್ನೇ ನಂಬಿದವನಿಗೆ ಸುಮಾರು 80 ಹೊಡೆತಕ್ಕೆ ಒಂದು ಸಿಕ್ಕೀತು.

ಕ್ಯಾನನ್‌ನದೇ 1995ರ ಫಿಲ್ಮ್ ಕ್ಯಾಮೆರಾ ಇಒಎಸ್-1ಎನ್ ಆರ್‌ಎಸ್‌ನಲ್ಲಿ ಕನ್ನಡಿ ಅಲುಗಾಡುತ್ತಲೇ ಇರಲಿಲ್ಲ. ಅರೆಪಾರದರ್ಶಕವಾದ ಆ ಕನ್ನಡಿಯ ಮೂಲಕವೇ ಬೆಳಕು ಫಿಲ್ಮಿಗೆ ಹಾಯುತ್ತಿತ್ತು. ವಿಳಂಬ 6 ಮಿಲಿಸೆಕೆಂಡ್. ಚೆಂಡು ಒಂದು ಗೇಣಷ್ಟೇ ಸರಿಯುತ್ತಿತ್ತು. ಅದಕ್ಕೆ ತೆತ್ತ ಬೆಲೆಯೆಂದರೆ ಬೆಳಕಿನ ಒಂದು ಪಾಲು ವ್ಯೂಫೈಂಡರಿಗೇ ಹೋಗಿಬಿಡುತ್ತಿತ್ತು.

ಆದರೆ ಕನ್ನಡಿ ಎದ್ದು ಕೂರುವ 1ಡಿ ಎಕ್ಸ್‌ನಂಥ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಬೇರೆಯೇ. ಕನ್ನಡಿ ಎದ್ದಿರುವಷ್ಟು ಹೊತ್ತು ವ್ಯೂಫೈಂಡರ್ ಕಪ್ಪು. ಚಿತ್ರ ಮೂಡುವುದು ಆ ಕತ್ತಲಲ್ಲೇ. ಬ್ಯಾಟಿಗೆ ಚೆಂಡು ಅಂಟಿಕೊಂಡ ಗಳಿಗೆ ಕಣ್ಣಿಗೆ ಬಿದ್ದಿದ್ದರೆ, ಅದು ಕ್ಯಾಮೆರಾದೊಳಗೆ ಬಿದ್ದಿಲ್ಲ. ವ್ಯೂಫೈಂಡರಿನಲ್ಲಿ ಅದು ಕಾಣದೇಹೋದಾಗಲೇ ಛಾಯಾಗ್ರಾಹಕನಿಗೆ ಆಸೆ. ಓವರ್ ಮುಗಿದೊಡನೆ ಕ್ಯಾಮೆರಾ ಇಳಿಸಿ, ಬಿಸಿಲಿಗೆ ಅಂಗೈ ಮರೆಮಾಡಿ, ಹಿಂಬದಿಯ ಪುಟ್ಟ ಪರದೆಯಲ್ಲಿ ಹುಡುಕತೊಡಗುತ್ತಾನೆ.