ಸಿ.ಸಿ. ಒಂದೇ, ಇಂಜಿನ್ ಬೇರೆ!

ಗುಬ್ಬಿಯಿಂದ ತುಮಕೂರಿಗೆ ಬೆಳಗಿನ ಮೊದಲ ಬಸ್ಸು ಹಿಡಿಯುವವರಿಗೆ ಈಚೆಗೆ ಒಬ್ಬ ಹೊಸ ಸಹಪ್ರಯಾಣಿಕರು ಸಿಕ್ಕಿದ್ದಾರೆ. ತರಕಾರಿ ಅಂಗಡಿಯವರು. ಬರುವಾಗ ಖಾಲಿ ಗೋಣಿಚೀಲ, ಹೋಗುವಾಗ ಅಂತರಸನಹಳ್ಳಿ ಮಾರುಕಟ್ಟೆಯ ಬೀನ್ಸು, ಟೊಮೇಟೊ. ಲಗೇಜಿನ ವಿಷಯದಲ್ಲಿ ಕಂಡಕ್ಟರಿಗೂ ಅವರಿಗೂ ದಿನಾ ಒಂದು ಸುತ್ತು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಮನೆಯಾಕೆಗೆ ಟಿಕೆಟ್ ಇಲ್ಲ. ಮೂಟೆಗೆ ಮಾತ್ರ ಉಂಟು.

"ನಿಮ್ಮ ವ್ಯಾನು ಎಲ್ಲಿ ಯಜಮಾನ್ರೇ?" ಅಂತ ಕೇಳಿದ್ದೇ ತಪ್ಪಾಯಿತು. ಹೆಗ್ಗೆರೆ ದಾಟಿದರೂ ಮಾತು ನಿಲ್ಲಲಿಲ್ಲ.

ವ್ಯಾನು ಅಂದರೆ ಮಾರುತಿ ಓಮ್ನಿ. ಒಂದು ದಿನ ದಾರಿಯಲ್ಲಿ ರೇಡಿಯೇಟರಿನ ಪೈಪು ಬಿಟ್ಟುಕೊಂಡಿತು. ನೀರೆಲ್ಲ ಸೋರಿ, ಬಿಸಿಯ ಮುಳ್ಳು ಮೇಲೆ ಹತ್ತಿದ್ದು ಇವರ ಕಣ್ಣಿಗೆ ಬೀಳಲಿಲ್ಲ. ಸೊಪ್ಪು ಬಾಡುತ್ತದಲ್ಲ ಅನ್ನೋ ಅವಸರ. ಅಂಗಡಿ ಇನ್ನೇನು ಬಂತು ಅನ್ನುವಾಗ ಇಂಜಿನ್ ಸೀಜ್. ಮೆಕ್ಯಾನಿಕ್ ಬಿಚ್ಚಿ ನೋಡಿ ಎರಡು ದಾರಿ ಹೇಳಿದ: ಒಂದೋ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬೇಕು, ಹೆಡ್ಡಿನ ಕೆಲಸ ಬೇರೆ, ಇಲ್ಲವೋ ಒಂದು ಸೆಕೆಂಡ್‌ಹ್ಯಾಂಡ್ ಇಂಜಿನ್ ತಂದು ಕೂರಿಸಬೇಕು. ಓಮ್ನಿ 2019ರಲ್ಲೇ ತಯಾರಿಕೆ ನಿಂತ ಗಾಡಿ. ಆದರೂ ಹಳೇ ಇಂಜಿನಿಗೆ ಬರವಿಲ್ಲ. ನಮ್ಮವರು ಎರಡನೇ ದಾರಿ ಹಿಡಿದರು.

ಬೆಂಗಳೂರಿಗೆ ಹೋದರು. ಅಲ್ಲಿನ ಗುಜರಿ ಅಂಗಡಿಗಳಲ್ಲಿ ಇಂಜಿನುಗಳನ್ನು ತೆಂಗಿನಕಾಯಿ ರಾಶಿಯಂತೆ ಪೇರಿಸಿರುತ್ತಾರೆ. ಒಂದು ಅಂಗಡಿಯವನು, "796 ಸಿ.ಸಿ., ಮೂರು ಸಿಲಿಂಡರ್, ಮಾರುತೀದೇ. ಕಣ್ಣು ಮುಚ್ಕೊಂಡು ತಗೊಂಡ್ಹೋಗಿ ಅಣ್ಣ" ಅಂದ. ನಮ್ಮವರು ನಿಜವಾಗಿಯೂ ಕಣ್ಣು ಮುಚ್ಚಿಕೊಂಡರು. 18 ಸಾವಿರ ಎಣಿಸಿಕೊಟ್ಟರು. ರಸೀದಿ ಅಂತ ಸಿಕ್ಕಿದ್ದು ಒಂದು ಚೀಟಿ. ಅದರಲ್ಲಿ 'ಇಂಜಿನ್ 1' ಅಂತ ಬರೆದಿತ್ತು, ಅಷ್ಟೇ.

ಆ ಅಂಗಡಿಯವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ನೋಡಿ. ಮಾರುತಿ 800ಕ್ಕೂ 796 ಸಿ.ಸಿ., ಓಮ್ನಿಗೂ 796, ಹಳೇ ಆಲ್ಟೋಗೂ 796. ಮೂರಕ್ಕೂ ಮೂರೇ ಸಿಲಿಂಡರ್. ಆದರೆ 800ರಲ್ಲಿ ಇಂಜಿನ್ ಅಡ್ಡಕ್ಕೆ ಮಲಗಿ ಮುಂದಿನ ಚಕ್ರ ತಿರುಗಿಸುತ್ತದೆ. ಓಮ್ನಿಯಲ್ಲಿ ಡ್ರೈವರ್ ಸೀಟಿನ ಕೆಳಗೆ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಹಾಗಾಗಿ ಗೇರ್ ಬಾಕ್ಸ್ ಬೇರೆ, ಮೌಂಟಿಂಗ್ ಬೇರೆ. ಆಲ್ಟೋದ್ದಂತೂ ಹೆಡ್ಡೇ ಬೇರೆ. ಅದರಲ್ಲಿ 12 ವಾಲ್ವು, ಓಮ್ನಿಯಲ್ಲಿ 6. ಸಾಲದ್ದಕ್ಕೆ ಇವರು ತಂದದ್ದು ಕಾರ್ಬೊರೇಟರ್ ಕಾಲದ 800ರ ಇಂಜಿನ್. ಇವರ ವ್ಯಾನೋ ಎಂ.ಪಿ.ಎಫ್.ಐ.; ಅದರ ಕಂಪ್ಯೂಟರ್ ಡಬ್ಬಿಯ ವೈರುಗಳನ್ನು ಕೂರಿಸಲು ಈ ಇಂಜಿನಿನಲ್ಲಿ ಜಾಗವೇ ಇಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ನಿಜ, ಒಬ್ಬನ ಚಪ್ಪಲಿ ಇನ್ನೊಬ್ಬನಿಗೆ ಆಗಬೇಕಲ್ಲ!

ಇಷ್ಟಾದರೂ ನಮ್ಮೂರ ಮೆಕ್ಯಾನಿಕ್‌ಗಳು ಸೋಲುವ ಪೈಕಿಯಲ್ಲ. "ಅದು ಇದು ಬದಲಾಯಿಸಿ ಹೇಗೋ ಕೂರಿಸೋಣ ಬಿಡಿ" ಅಂತ ಆತ ಸ್ಪ್ಯಾನರ್ ಎತ್ತಿಕೊಂಡನಂತೆ. ಬ್ಲಾಕಿನ ಎಣ್ಣೆಕೊಳೆಯನ್ನು ಚಿಂದಿಬಟ್ಟೆಯಲ್ಲಿ ಒರೆಸಿ ನೋಡಿದ. ನಂಬರ್ ಇರಬೇಕಾದ ಜಾಗ ನುಣ್ಣಗಿತ್ತು. ಯಾರೋ ಉಜ್ಜಿ ತೆಗೆದಿದ್ದರು. ಆತ ಸ್ಪ್ಯಾನರ್ ಕೆಳಗಿಟ್ಟು, "ಇದನ್ನ ನನ್ನ ಗ್ಯಾರೇಜಿಂದ ಇವತ್ತೇ ತಗೊಂಡ್ಹೋಗಿ ಸಾರ್" ಅಂದುಬಿಟ್ಟ.

ಆತ ಹೆದರಿದ್ದರಲ್ಲಿ ಅರ್ಥವಿದೆ. ನಂಬರ್ ಉಜ್ಜಿದ ಇಂಜಿನ್ ಕದ್ದ ಗಾಡಿಯದ್ದಲ್ಲ ಅಂತ ಸಾಧಿಸುವುದು ಹೇಗೆ? ಆರ್.ಸಿ.ಯಲ್ಲಿ ಶಾಸಿ ನಂಬರಿನ ಜೊತೆಗೆ ಇಂಜಿನ್ ನಂಬರೂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಜಿನ್ ಬದಲಾಯಿಸುವ ಮುಂಚೆ ಆರ್.ಟಿ.ಓ. ಒಪ್ಪಿಗೆ ಬೇಕು, ಬದಲಾಯಿಸಿದ 14 ದಿನದೊಳಗೆ ಆರ್.ಸಿ. ಸಮೇತ ತಿಳಿಸಿ ಹೊಸ ನಂಬರ್ ಬರೆಸಬೇಕು. ಕನಿಷ್ಠ ಹತ್ತು ಸಾರಿಗೆ ವಾಹನ ಇಟ್ಟುಕೊಂಡ ಮಾಲೀಕರಿಗೆ, ಅದೇ ಮೇಕಿನ ಅದೇ ಬಗೆಯ ಇಂಜಿನ್ ಆದರೆ, ಮುಂಗಡ ಒಪ್ಪಿಗೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದಂತೆ. ಒಂದೇ ಒಂದು ಓಮ್ನಿಯ ತರಕಾರಿಯವರಿಗೆ ಆ ಭಾಗ್ಯ ಎಲ್ಲಿಯದು? "ನಮ್ಮೂರಲ್ಲಿ ಯಾರು ಸ್ವಾಮಿ ಸೀಟು ಎತ್ತಿ ನಂಬರ್ ನೋಡ್ತಾರೆ?" ಅನ್ನುವವರಿದ್ದಾರೆ. ದಾರಿಯಲ್ಲಿ ನೋಡದಿರಬಹುದು. ಅಪಘಾತವಾಗಿ ವಿಮೆ ಕೇಳುವಾಗ ನೋಡುತ್ತಾರೆ. ಗಾಡಿ ಮಾರಲು ಹೋದಾಗಲೂ ನೋಡುತ್ತಾರೆ.

ಇಂಜಿನನ್ನು ಮತ್ತೆ ಬೆಂಗಳೂರಿಗೆ ಹೊತ್ತರು. ಮಾಲು ವಾಪಸ್ ಇಲ್ಲ ಅಂದ ಅಂಗಡಿಯವನು ಮಧ್ಯಾಹ್ನದ ತನಕ ಹಗ್ಗಜಗ್ಗಾಟ ಆಡಿ 11 ಸಾವಿರ ಕೊಟ್ಟ. ಗೂಡ್ಸ್ ಆಟೋ ಬಾಡಿಗೆ ಎರಡು ಸಲದ್ದು ಬೇರೆ. ಆ ನಂಬರಿಲ್ಲದ ಇಂಜಿನ್ ಈಗ ಯಾರ ಗಾಡಿಯಲ್ಲಿ ಕೂತಿದೆಯೋ, ಅದು ಈ ಅಂಕಣಕಾರನಿಗೆ ಇನ್ನೂ ಕೊರೆಯುತ್ತಿರುವ ವಿಷಯ.

ಎರಡನೆಯದು ತುಮಕೂರಿನಲ್ಲೇ ಸಿಕ್ಕಿತು. ಪಲ್ಟಿ ಹೊಡೆದು ಮೈಯೆಲ್ಲ ಜಜ್ಜಿಹೋದ ಓಮ್ನಿ. ಅದರ ಮಾಲೀಕರು ಆರ್.ಸಿ. ಒಪ್ಪಿಸಿ ನೋಂದಣಿ ರದ್ದು ಮಾಡಿಸಿದ್ದರು. ಈ ಸಲ ಮೆಕ್ಯಾನಿಕ್ಕೇ ಮುಂದೆ ನಿಂತ. ಇಂಜಿನ್ ಗಾಡಿಯಲ್ಲಿ ಇದ್ದ ಹಾಗೇ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿದ. ಬಿಸಿ ಮಾಡಿಟ್ಟ ಇಂಜಿನ್ ಎಲ್ಲರಿಗೂ ಒಳ್ಳೆಯದಾಗೇ ಕೇಳುತ್ತದಂತೆ! ನೀಲಿ ಹೊಗೆ ಬರಲಿಲ್ಲ. ಆಯಿಲ್ ಮುಚ್ಚಳ ತಿರುಗಿಸಿ ಒಳಗೆ ಬೆರಳಾಡಿಸಿದ. ಮಜ್ಜಿಗೆಯಂಥ ಬಿಳಿ ಲೋಳೆ ಇದ್ದರೆ ಆಯಿಲಿಗೆ ನೀರು ಸೇರಿದ ಗುರುತು, ಗ್ಯಾಸ್ಕೆಟ್ ಹೋಗಿರಬಹುದು. ಅದೂ ಇರಲಿಲ್ಲ. ಪ್ಲಗ್ ಬಿಚ್ಚಿ ಮೂರೂ ಸಿಲಿಂಡರಿಗೆ ಮೀಟರ್ ಹಿಡಿದ. ಕಂಪ್ರೆಷನ್ ಮೂರರಲ್ಲೂ ಹೆಚ್ಚುಕಡಿಮೆ ಸಮ ಬಂತು. ಒಂದರಲ್ಲಿ ಮಾತ್ರ ಕುಸಿದಿದ್ದರೆ ಎದ್ದು ಬಂದುಬಿಡುತ್ತಿದ್ದೆ ಅಂದನಂತೆ. ಕೊನೆಗೆ ಬ್ಲಾಕಿನ ನಂಬರನ್ನು ಹಳೇ ಆರ್.ಸಿ. ನಕಲಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ನಂಬರ್ ಬರೆದ ರಸೀದಿ, ಮಾರಿದವರ ರುಜು, ನೋಂದಣಿ ರದ್ದಾದ ಕಾಗದದ ನಕಲು ಎಲ್ಲ ಕೈಗೆ ಬಂದ ಮೇಲೆಯೇ 22 ಸಾವಿರ ಎಣಿಸಿದ್ದು. ಕಂಪ್ಯೂಟರ್ ಡಬ್ಬಿ, ವೈರಿಂಗ್ ಎಲ್ಲ ಸೇರಿ.

"ಹಾಗಾದ್ರೆ ವ್ಯಾನು ಓಡ್ತಾ ಇರಬೇಕಲ್ಲ?" ಅಂದೆ.

"ಎಲ್ಲಿ ಸಾರ್. ಆರ್.ಟಿ.ಓ.ಗೆ ಅರ್ಜಿ ಹಾಕಿದೀನಿ. ಒಪ್ಪಿಗೆ ಬರೋ ತನಕ ಮೆಕ್ಯಾನಿಕ್ ಒಂದು ಬೋಲ್ಟೂ ಮುಟ್ಟಲ್ಲ ಅಂತ ಕೂತವ್ನೆ. ಇಂಜಿನ್ನು ಅವನ ಗ್ಯಾರೇಜಲ್ಲಿ ನನ್ನದೇ ಗೋಣಿಚೀಲ ಹೊದ್ಕೊಂಡು ಮಲಗೈತೆ" ಅಂದರು. ಅಷ್ಟರಲ್ಲಿ ಬಸ್ ಸ್ಟ್ಯಾಂಡ್ ಬಂತು. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, ಅಂತರಸನಹಳ್ಳಿ ಕಡೆಯ ಬಸ್ಸು ಹುಡುಕುತ್ತಾ ಇಳಿದು ಹೋದರು.